ದೂರ ಗೊತ್ತಿಲ್ಲದ ಬೆಳಕು

ಮಲೆನಾಡಿನ ಕೊಳ್ಳಿದೆವ್ವಕ್ಕೆ ಒಂದು ಖಚಿತವಾದ ನಡತೆಯಿದೆ. ತೀರ್ಥಹಳ್ಳಿಯ ಕಡೆ ಕೇಳಿದರೂ, ಹೊಸನಗರದ ಕಡೆ ಕೇಳಿದರೂ, ಸಾಗರದ ಹಿನ್ನೀರಿನ ಊರುಗಳಲ್ಲಿ ಕೇಳಿದರೂ ಅದು ಬಹುಮಟ್ಟಿಗೆ ಒಂದೇ. ರಾತ್ರಿ ಗದ್ದೆಬಯಲಿನ ಆಚೆ, ದರೆಯ ಮೇಲೆ ಬೆಂಕಿಯ ಚುಕ್ಕೆಯೊಂದು ಕಾಣಿಸುತ್ತದೆ. ಸ್ವಲ್ಪ ಹೊತ್ತು ನಿಲ್ಲುತ್ತದೆ, ಅಲ್ಲಾಡುತ್ತದೆ, ಒಂದಿದ್ದದ್ದು ಎರಡಾಗುತ್ತದೆ. ನೋಡುವವರು ನಡೆದರೆ ಅದೂ ಜೊತೆಗೆ ಬರುತ್ತದೆ. ಅದರತ್ತ ಹೋದರೆ ಹಿಂದಕ್ಕೆ ಸರಿಯುತ್ತದೆ. ಕೊನೆಗೆ ಥಟ್ಟನೆ ಆರಿಹೋಗುತ್ತದೆ. ಈ ಪಟ್ಟಿಯನ್ನು ಹಾರುವ ತಟ್ಟೆಗಳ ಕಥೆಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಹೊಂದಾಣಿಕೆ ಕಣ್ಣಿಗೆ ಬೀಳುತ್ತದೆ. ಅಮೆರಿಕದ ಹೊಲಗಳ ನಡುವಿನ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದವರು ಹೇಳಿದ್ದೂ ಇದನ್ನೇ: ನಿಂತಿತು, ಅಲುಗಿತು, ಎರಡಾಯಿತು, ನಮ್ಮ ಕಾರನ್ನು ಹಿಂಬಾಲಿಸಿತು, ಮಾಯವಾಯಿತು. ಕೊಳ್ಳಿದೆವ್ವದ ಹೆಸರನ್ನೇ ಕೇಳದವರು ಕೊಳ್ಳಿದೆವ್ವದ ನಡತೆಯನ್ನು ಚಾಚೂ ತಪ್ಪದೆ ವಿವರಿಸಿದ್ದು ಹೇಗೆ?

ಇದಕ್ಕೆ ಎರಡು ಉತ್ತರಗಳು ತಕ್ಷಣ ಬರುತ್ತವೆ. ಎಲ್ಲವೂ ಕಟ್ಟುಕಥೆ ಎಂಬುದು ಒಂದು. ಎರಡೂ ಕಡೆ ಒಂದೇ ಬಗೆಯ ವಸ್ತು ನಿಜವಾಗಿಯೂ ಬರುತ್ತಿದೆ ಎಂಬುದು ಇನ್ನೊಂದು. ಹಾರುವ ತಟ್ಟೆಗಳ ಬಗ್ಗೆ ಕನ್ನಡ ಓದುಗರ ಕುತೂಹಲವೂ ಹೊಸದಲ್ಲ. ಮಲೆನಾಡಿನವರೇ ಆದ ಪೂರ್ಣಚಂದ್ರ ತೇಜಸ್ವಿ ‘ಫ್ಲೈಯಿಂಗ್ ಸಾಸರ್ಸ್’ ಎಂಬ ಹೆಸರಿನಲ್ಲಿ ಎರಡು ಭಾಗಗಳ ಪುಸ್ತಕ ಬರೆದಿದ್ದರು. ಆದರೆ ಮೂರನೆಯ ಉತ್ತರವೊಂದಿದೆ. ಕಥೆ ಹೇಳುವವರು ಸುಳ್ಳು ಹೇಳುತ್ತಿಲ್ಲ, ಬೆಳಕೂ ನಿಜ. ಕಥೆಗಳು ಒಂದೇ ಆಗಿರುವುದು ಬೆಳಕಿನಿಂದಲ್ಲ. ನೋಡುವ ಕಣ್ಣು ಎಲ್ಲ ಕಡೆಯೂ ಒಂದೇ ಆಗಿರುವುದರಿಂದ. ಕತ್ತಲಲ್ಲಿ ಒಂಟಿ ಬೆಳಕಿನ ದೂರ ಎಷ್ಟು ಎಂಬುದನ್ನು ಮನುಷ್ಯನ ಕಣ್ಣು ಅಳೆಯಲಾರದು. ಈ ಒಂದು ಕೊರತೆಯಿಂದಲೇ ಮೇಲಿನ ಪಟ್ಟಿಯ ಪ್ರತಿಯೊಂದು ನಡತೆಯೂ ಹುಟ್ಟುತ್ತದೆಂದು ತೋರಿಸುವುದು ಈ ಅಧ್ಯಾಯದ ಕೆಲಸ.

ಜೌಗುಅನಿಲದ ಅವಸರ

ಕೊಳ್ಳಿದೆವ್ವಕ್ಕೆ ‘ವೈಜ್ಞಾನಿಕ’ ವಿವರಣೆ ಕೇಳಿದರೆ ಸಿಗುವ ಸಿದ್ಧ ಉತ್ತರ ಜೌಗುಅನಿಲ. ಕೆಸರಿನಲ್ಲಿ ಎಲೆ, ಕಡ್ಡಿ ಕೊಳೆತು ಮೀಥೇನ್ ಏಳುತ್ತದೆ, ಅದು ಹೊತ್ತಿಕೊಂಡು ನೀಲಿ ಜ್ವಾಲೆಯಾಗುತ್ತದೆ ಎಂಬ ವಾದ. ಜೌಗಿನಿಂದ ಮೀಥೇನ್ ಏಳುವುದು ನಿಜ. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಾಜೊರೆ ಸರೋವರದ ಕೆಸರನ್ನು ಕದಡಿ ಅದನ್ನು ಹಿಡಿದು ಪರೀಕ್ಷಿಸಿದ್ದ. ಆದರೆ ಮೀಥೇನ್ ಸಾಮಾನ್ಯ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಕಿಡಿ ಬೇಕು. ಹೊತ್ತಿಕೊಂಡಿತೆಂದೇ ಇಟ್ಟುಕೊಂಡರೂ ಅಂಥ ಜ್ವಾಲೆ ಎರಡು ಫರ್ಲಾಂಗ್ ದೂರ ಮನುಷ್ಯನ ಜೊತೆ ನಡೆದುಬರುವುದನ್ನು ಈ ವಿವರಣೆ ಮುಟ್ಟುವುದೇ ಇಲ್ಲ. ದೆವ್ವದ ಬದಲು ಅನಿಲದ ಹೆಸರು ಹೇಳಿದ ಮಾತ್ರಕ್ಕೆ ವಿವರಿಸಿದಂತಾಗುವುದಿಲ್ಲ.

ಈ ಅವಸರಕ್ಕೆ ತೆತ್ತ ಬೆಲೆಯ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. 1966ರ ಮಾರ್ಚ್‌ನಲ್ಲಿ ಮಿಷಿಗನ್ ರಾಜ್ಯದ ಡೆಕ್ಸ್‌ಟರ್ ಮತ್ತು ಹಿಲ್ಸ್‌ಡೇಲ್ ಸುತ್ತ ಅನೇಕರು ರಾತ್ರಿ ಬೆಳಕು ಕಂಡರು. ಅಲ್ಲಿನ ವಾಯುಪಡೆಯ ಸಲಹೆಗಾರನಾಗಿದ್ದ ಖಗೋಳವಿಜ್ಞಾನಿ ಅಲನ್ ಹೈನೆಕ್ ಪತ್ರಿಕಾಗೋಷ್ಠಿಯಲ್ಲಿ ಅದು ಜೌಗುಅನಿಲ ಇರಬಹುದು ಎಂದ. ಕಂಡವರಿಗೆ ಅವಮಾನವಾಯಿತು, ಪತ್ರಿಕೆಗಳು ನಕ್ಕವು, ಮುಂದೆ ಅಮೆರಿಕದ ಅಧ್ಯಕ್ಷನಾದ ಜೆರಾಲ್ಡ್ ಫೋರ್ಡ್ ಸಂಸತ್ತಿನ ವಿಚಾರಣೆಗೆ ಒತ್ತಾಯಿಸಿದ. ಜನರ ಮಾತನ್ನು ಅರ್ಧ ಕೇಳಿ ಉತ್ತರ ಕೊಟ್ಟರೆ ವಿಜ್ಞಾನವೂ ಇನ್ನೊಂದು ವದಂತಿಯಾಗಿ ಕೇಳಿಸುತ್ತದೆ. ಆದ್ದರಿಂದ ‘ಅದು ಏನು’ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು, ‘ಕತ್ತಲಲ್ಲಿ ಒಂದು ಬೆಳಕನ್ನು ನೋಡಿದಾಗ ನಮಗೆ ನಿಜವಾಗಿ ತಿಳಿಯುವುದೇನು’ ಎಂದು ಮೊದಲು ಕೇಳಬೇಕು.

ಕಾಳುಮೆಣಸು ಮುಚ್ಚಿದ ಚಂದ್ರ

ಹುಣ್ಣಿಮೆಯ ದಿನ ಒಂದು ಕಾಳುಮೆಣಸನ್ನು ಎರಡು ಬೆರಳಲ್ಲಿ ಹಿಡಿದು, ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ ಚಂದ್ರನ ನೇರಕ್ಕೆ ತಂದರೆ ಆ ಕಾಳು ಹೆಚ್ಚುಕಡಿಮೆ ಇಡೀ ಚಂದ್ರನನ್ನು ಮುಚ್ಚಿಬಿಡುತ್ತದೆ. ಐದು ಮಿಲಿಮೀಟರಿನ ಕಾಳು, ಸುಮಾರು 3,475 ಕಿಲೋಮೀಟರ್ ಅಗಲದ ಚಂದ್ರ. ಎರಡೂ ಕಣ್ಣಿನೊಳಗೆ ಹಿಡಿದ ಜಾಗ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಸಿಗುವುದು ವಸ್ತುವಿನ ಗಾತ್ರವಲ್ಲ, ಅದು ಎಷ್ಟು ಅಗಲದ ಕೋನವನ್ನು ತುಂಬಿದೆ ಎಂಬುದು ಮಾತ್ರ. ಇದನ್ನು ‘ಕಣ್ಕೋನ’ ಎನ್ನೋಣ. ಗಾತ್ರ ಬೇಕಾದರೆ ಕಣ್ಕೋನದ ಜೊತೆ ದೂರವೂ ತಿಳಿದಿರಬೇಕು. ಕಾಳು ಕೈಯಲ್ಲಿದೆ ಎಂದು ಗೊತ್ತಿರುವುದರಿಂದ ಅದು ಸಣ್ಣದೆಂದು ತಿಳಿಯುತ್ತದೆ. ಕೈ ಕಾಣದಿದ್ದರೆ?

ಹಗಲಲ್ಲಿ ದೂರ ಹೇಳಿಕೊಡುವ ಗುರುತುಗಳು ಬೇಕಾದಷ್ಟಿವೆ. ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿನಷ್ಟು ಅಂತರವಿರುವುದರಿಂದ ಹತ್ತಿರದ ವಸ್ತುವನ್ನು ಅವು ಬೇರೆ ಬೇರೆ ಕಡೆಯಿಂದ ನೋಡುತ್ತವೆ. ಆ ಸಣ್ಣ ವ್ಯತ್ಯಾಸದಿಂದ ಮಿದುಳು ದೂರ ಅಂದಾಜಿಸುತ್ತದೆ. ಆದರೆ ಕೆಲವು ನೂರು ಮೀಟರ್ ದಾಟಿದ ಮೇಲೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿಂದಾಚೆ ನಮ್ಮನ್ನು ಕಾಯುವುದು ಪರಿಚಿತ ವಸ್ತುಗಳು: ಅಡಿಕೆಮರ ಎಷ್ಟೆತ್ತರ, ಹಸು ಎಷ್ಟು ದೊಡ್ಡದು ಎಂಬ ತಿಳಿವಳಿಕೆ, ಯಾವುದು ಯಾವುದನ್ನು ಮರೆಮಾಡಿದೆ ಎಂಬ ಲೆಕ್ಕ, ದೂರದ ಗುಡ್ಡಕ್ಕೆ ಹತ್ತಿದ ನೀಲಿ ಮಬ್ಬು. ಕತ್ತಲು ಇವುಗಳಲ್ಲಿ ಬಹುಪಾಲನ್ನು ಒಂದೇ ಸಲಕ್ಕೆ ಅಳಿಸಿಹಾಕುತ್ತದೆ. ಉಳಿಯುವುದು ಒಂದು ಚುಕ್ಕೆ, ಅದರ ದಿಕ್ಕು, ಅದರ ಹೊಳಪು.

ಹೊಳಪಿನಿಂದಲಾದರೂ ದೂರ ತಿಳಿಯಬಹುದಲ್ಲ ಎಂದರೆ ಅದೂ ಆಗದು. ದೀಪದ ನಿಜವಾದ ಶಕ್ತಿ ಗೊತ್ತಿಲ್ಲದೆ ಹೊಳಪಿಗೆ ಅರ್ಥವಿಲ್ಲ. ಚುಕ್ಕೆಯ ಅಗಲವೂ ಸಹಾಯಕ್ಕೆ ಬರುವುದಿಲ್ಲ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಮೂವತ್ತನೆಯ ಒಂದು ಪಾಲು. ಅದಕ್ಕಿಂತ ಕಿರಿದಾದದ್ದೆಲ್ಲ ಬರಿಯ ಚುಕ್ಕೆ. ಹತ್ತು ಮೀಟರ್ ದೂರದ ಮಿಂಚುಹುಳುವಿನ ಮೂರು ಮಿಲಿಮೀಟರ್ ಬೆಳಕು, ಅರ್ಧ ಕಿಲೋಮೀಟರ್ ಆಚೆಯ ಬೈಕಿನ ದೀಪ, ನೂರು ಕಿಲೋಮೀಟರ್ ಆಚೆ ಇರಬಹುದಾದ ಮೂವತ್ತು ಮೀಟರಿನ ಯಾವುದೋ ವಾಹನ, ನಾಲ್ಕು ಕೋಟಿ ಕಿಲೋಮೀಟರ್ ಆಚೆಯ ಶುಕ್ರ ಗ್ರಹ: ಈ ನಾಲ್ಕೂ ಕಣ್ಣಿನಲ್ಲಿ ತುಂಬುವ ಕೋನ ಹೆಚ್ಚುಕಡಿಮೆ ಒಂದೇ. ಬಣ್ಣ, ಮಿನುಗು, ಹೊಳಪು ಬೇರೆ ಬೇರೆಯಾದೀತು. ಆದರೆ ಬರಿಯ ಚುಕ್ಕೆಯನ್ನು ನೋಡಿ ಇವುಗಳ ದೂರ ಹೇಳಬಲ್ಲ ಕಣ್ಣು ಯಾರಿಗೂ ಇಲ್ಲ.

ಒಂದು ತಪ್ಪು, ಐದು ನಡತೆ

ದೂರ ಗೊತ್ತಿಲ್ಲ ಎಂದು ಮಿದುಳು ಸುಮ್ಮನೆ ಕೂರುವುದಿಲ್ಲ. ಗುರುತುಗಳಿಲ್ಲದ ಕತ್ತಲಲ್ಲಿ ಅದು ಒಂಟಿ ಬೆಳಕನ್ನು ಹತ್ತಿರದಲ್ಲೇ ಇದೆಯೆಂದು ಎಣಿಸಿಕೊಳ್ಳುತ್ತದೆ. ಮಲೆನಾಡಿನಲ್ಲಿ ಹಾಗೆ ಎಣಿಸಲು ನೆಪವೂ ಸಿಗುತ್ತದೆ: ಎದುರಿಗೆ ಗದ್ದೆ, ಗದ್ದೆಯಂಚಿಗೆ ದರೆ, ದರೆಯ ಮೇಲೆ ಕಾಡು, ಚುಕ್ಕೆ ಆ ಕಾಡಿನ ನೇರಕ್ಕೆ ಕಂಡರೆ ಕಾಡಿನಲ್ಲೇ ಇದೆಯೆಂದು ಅನಿಸುವುದು ಸಹಜ. ಚುಕ್ಕೆ ಇರುವುದು ನಿಜವಾಗಿ ಐದು ಕಿಲೋಮೀಟರ್ ಆಚೆ, ನೋಡುವವರ ಎಣಿಕೆಯಲ್ಲಿ ಇನ್ನೂರು ಮೀಟರಿನಲ್ಲಿ ಎಂದುಕೊಳ್ಳೋಣ. ಈಗ ಅವರು ಅದರತ್ತ ನೂರೈವತ್ತು ಮೀಟರ್ ನಡೆಯುತ್ತಾರೆ. ಬೆಳಕು ದೊಡ್ಡದಾಗಬೇಕಿತ್ತು, ಆಗಲಿಲ್ಲ. ‘ನನ್ನ ಅಂದಾಜು ತಪ್ಪು’ ಎಂದು ಮಿದುಳು ಒಪ್ಪಿಕೊಳ್ಳುವುದಿಲ್ಲ; ‘ಅದು ಹಿಂದೆ ಸರಿಯಿತು’ ಎಂದು ತೀರ್ಮಾನಿಸುತ್ತದೆ. ಅವರು ಗದ್ದೆಯ ಬದುವಿನ ಮೇಲೆ ಅಡ್ಡಕ್ಕೆ ನಡೆಯುತ್ತಾರೆ. ಇನ್ನೂರು ಮೀಟರಿನಲ್ಲಿ ನಿಂತ ವಸ್ತುವಾಗಿದ್ದರೆ ಹಿಂದಕ್ಕೆ ಉಳಿಯಬೇಕಿತ್ತು, ಉಳಿಯಲಿಲ್ಲ. ತೀರ್ಮಾನ: ‘ಜೊತೆಗೆ ಬಂತು.’ ಹಿಂಬಾಲಿಸುವುದು, ಹಿಂಜರಿಯುವುದು ಎಂಬ ಎರಡು ಭಯಾನಕ ಗುಣಗಳು ದೂರದ ಒಂದೇ ತಪ್ಪಿನ ಎರಡು ಮುಖಗಳು.

ಒಂದು ಎರಡಾಗುವುದೂ ಇದೇ ಲೆಕ್ಕ. ಜೀಪಿನ ಎರಡು ದೀಪಗಳ ನಡುವಿನ ಅಂತರ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ನಾಲ್ಕು ಕಿಲೋಮೀಟರ್ ಆಚೆ ಅವೆರಡೂ ಸೇರಿ ಒಂದೇ ಚುಕ್ಕೆ. ವಾಹನ ಹತ್ತಿರವಾದಂತೆ ಒಂದು ಹಂತದಲ್ಲಿ ಕಣ್ಣು ಅವನ್ನು ಬೇರ್ಪಡಿಸುತ್ತದೆ, ನೋಡುವವರಿಗೆ ಬೆಳಕು ಒಡೆದು ಎರಡಾದಂತೆ ಕಾಣುತ್ತದೆ. ಥಟ್ಟನೆ ಆರುವುದಕ್ಕೆ ಒಂದು ಮರದ ಕಾಂಡ, ಒಂದು ಗುಡ್ಡದ ಮಡಿಕೆ, ಒಂದು ಮಂಜಿನ ಪರದೆ ಸಾಕು. ಉಳಿದದ್ದು ಅಲ್ಲಾಟ. ಅದು ಕಣ್ಣಿನದೇ ಕೊಡುಗೆ. ಸ್ಥಿರವಾದ ಒಂಟಿ ಬೆಳಕನ್ನು ಕತ್ತಲಲ್ಲಿ ದಿಟ್ಟಿಸಿದರೆ ಸ್ವಲ್ಪ ಹೊತ್ತಿನಲ್ಲೇ ಅದು ಅಲೆದಾಡತೊಡಗುತ್ತದೆ. ಸುತ್ತ ಬೇರೆ ಗುರುತುಗಳಿಲ್ಲದ್ದರಿಂದ ಚಲಿಸಿದ್ದು ಕಣ್ಣೋ ಬೆಳಕೋ ಎಂದು ಮಿದುಳಿಗೆ ತಿಳಿಯುವುದಿಲ್ಲ. ಮನೋವಿಜ್ಞಾನಿಗಳು ಆಟೋಕೈನೆಟಿಕ್ ಪರಿಣಾಮ ಎನ್ನುವ ಇದನ್ನು ‘ಅಲೆದಾಟದ ಭ್ರಮೆ’ ಎನ್ನಬಹುದು. 1799ರಲ್ಲಿ ಟೆನೆರಿಫ್ ದ್ವೀಪದ ಬೆಟ್ಟದ ಮೇಲಿಂದ ನಕ್ಷತ್ರಗಳು ಓಲಾಡುವುದನ್ನು ಕಂಡ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್‌ನಂಥ ನುರಿತ ವಿಜ್ಞಾನಿಯೇ ಅದನ್ನು ಆಕಾಶದಲ್ಲಿನ ನಿಜವಾದ ಘಟನೆಯೆಂದು ಬಗೆದಿದ್ದ. ಅದು ನೋಡುವವನ ಕಣ್ಣಿನೊಳಗಿನದು ಎಂದು ತಿಳಿದದ್ದು ಎಷ್ಟೋ ದಶಕಗಳ ನಂತರ.

ವೇಗ ಎಂಬ ಊಹೆ

ದೂರ ತಪ್ಪಿದರೆ ವೇಗವೂ ಅದೇ ಪ್ರಮಾಣದಲ್ಲಿ ತಪ್ಪುತ್ತದೆ. ಹಾರುವ ತಟ್ಟೆಗಳ ಯುಗ ಶುರುವಾದದ್ದೇ ಒಂದು ವೇಗದ ಲೆಕ್ಕದಿಂದ. 1947ರ ಜೂನ್ 24ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ವಂತ ವಿಮಾನ ಹಾರಿಸುತ್ತಿದ್ದ ಕೆನೆತ್ ಆರ್ನಾಲ್ಡ್ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡು, ಅವು ಆ ಪರ್ವತದಿಂದ ಆಡಮ್ಸ್ ಪರ್ವತದವರೆಗೆ ಹೋಗಲು ಹಿಡಿದ ಸಮಯವನ್ನು ಗಡಿಯಾರದಲ್ಲಿ ನೋಡಿದ. ಆತ ಹೇಳಿದ ವೇಗ ಗಂಟೆಗೆ ಸುಮಾರು 1,200 ಮೈಲಿ, ಅಂದಿನ ಯಾವ ವಿಮಾನಕ್ಕೂ ಎಟುಕದ್ದು. ಸಮಯ ಅಳೆದದ್ದೇ, ದೂರ ಮಾತ್ರ ಅಂದಾಜು. ವಸ್ತುಗಳು ಆತ ಎಣಿಸಿದ್ದಕ್ಕಿಂತ ಹತ್ತು ಪಟ್ಟು ಹತ್ತಿರವಿದ್ದಿದ್ದರೆ ವೇಗವೂ ಹತ್ತನೆಯ ಒಂದಕ್ಕೆ ಇಳಿಯುತ್ತಿತ್ತು, ಆಗ ಸುದ್ದಿಯೇ ಇರುತ್ತಿರಲಿಲ್ಲ. ಆತ ಕಂಡದ್ದು ಏನೆಂದು ಇದರಿಂದ ತೀರ್ಮಾನವಾಗುವುದಿಲ್ಲ. ಬೆರಗಿನ ಭಾರವೆಲ್ಲ ಆ ಅಂದಾಜಿನ ಮೇಲೆ ಕೂತಿದೆ ಎಂಬುದು ಮಾತ್ರ ಸ್ಪಷ್ಟ.

ಯಂತ್ರಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ನೌಕಾಪಡೆಯ ವಿಮಾನವೊಂದು 2015ರಲ್ಲಿ ಚಿತ್ರಿಸಿದ, ‘ಗೋ ಫಾಸ್ಟ್’ ಎಂದು ಹೆಸರಾದ ವಿಡಿಯೊದಲ್ಲಿ ಒಂದು ವಸ್ತು ಸಮುದ್ರದ ಮೇಲ್ಮೈಯನ್ನು ಸವರಿಕೊಂಡು ಭಯಂಕರ ವೇಗದಲ್ಲಿ ಹೋದಂತೆ ಕಾಣುತ್ತದೆ. ನಾಸಾ ನೇಮಿಸಿದ ಸ್ವತಂತ್ರ ತಜ್ಞರ ತಂಡ 2023ರ ವರದಿಯಲ್ಲಿ ಪರದೆಯ ಮೇಲಿದ್ದ ಅಂಕಿಗಳಿಂದಲೇ ಲೆಕ್ಕ ಹಾಕಿತು. ವಸ್ತು ಇದ್ದದ್ದು ನೀರಿನ ಮೇಲಲ್ಲ, ಸುಮಾರು 13,000 ಅಡಿ ಎತ್ತರದಲ್ಲಿ. ವೇಗ ಗಂಟೆಗೆ ಸುಮಾರು 40 ಮೈಲಿ, ಗಾಳಿಯಲ್ಲಿ ತೇಲುವ ವಸ್ತುವಿಗೆ ತಕ್ಕಷ್ಟು. ಓಡುತ್ತಿದ್ದದ್ದು ಚಿತ್ರ ತೆಗೆಯುತ್ತಿದ್ದ ವಿಮಾನ. ದೂರ ಸಿಕ್ಕಿದ ಕ್ಷಣದಲ್ಲೇ ಪವಾಡ ಕರಗಿತು.

ಆಗುಂಬೆಯ ಕತ್ತಲು

ಇಂಥ ತಪ್ಪಿಗೆ ಆಗುಂಬೆ, ತೀರ್ಥಹಳ್ಳಿಯ ಸೀಮೆಯಷ್ಟು ಹೇಳಿಮಾಡಿಸಿದ ನೆಲ ಸಿಗುವುದು ಕಷ್ಟ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿನಲ್ಲೇ ಕೂತಿದೆ. ಅಷ್ಟು ಎತ್ತರದಿಂದ ಕಾಣುವ ಕಡಲಿನ ಅಂಚು ಸುಮಾರು ತೊಂಬತ್ತು ಕಿಲೋಮೀಟರ್ ಆಚೆ. ಕರಾವಳಿ ಅದರ ಅರ್ಧ ದಾರಿಯಲ್ಲೇ ಮುಗಿಯುತ್ತದೆ. ಸೂರ್ಯಾಸ್ತ ನೋಡುವ ಜಾಗದಲ್ಲಿ ಕತ್ತಲಾದ ಮೇಲೂ ನಿಂತರೆ ಕಡಲು ಯಾವುದು, ಆಕಾಶ ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. ಹವೆ ತಿಳಿಯಾಗಿದ್ದರೆ ಮಲ್ಪೆಯ ಕಡೆಯ ಮೀನುಗಾರಿಕೆ ದೋಣಿಯ ಪ್ರಖರ ದೀಪ ಆಕಾಶದಲ್ಲಿ ತೇಲುವ ಬೆಳಕಾಗಿ ಕಾಣಲು ಅಡ್ಡಿಯೇನೂ ಇಲ್ಲ. ಅದೇ ಪಶ್ಚಿಮಕ್ಕೆ ಸಂಜೆಯ ಶುಕ್ರ ಇಳಿಯುತ್ತದೆ. ಸೂರ್ಯ, ಚಂದ್ರರನ್ನು ಬಿಟ್ಟರೆ ಸದಾ ಕಾಣುವ ಆಕಾಶಕಾಯಗಳಲ್ಲಿ ಅತ್ಯಂತ ಪ್ರಕಾಶಮಾನವಾದ ಅದು ಕಡಲಿನ ಮೇಲಿನ ದಟ್ಟ ಮಬ್ಬಿಗೆ ಇಳಿದಾಗ ಕೆಂಪಗಾಗಿ, ಮಿನುಗಿ, ಮುಳುಗುವ ಮೊದಲೇ ಆರಿದಂತೆ ಮಾಯವಾಗುತ್ತದೆ.

ಘಾಟಿಯ ರಸ್ತೆಯನ್ನು ಕೆಳಗಿನಿಂದ ನೋಡುವವರ ಸಂಗತಿ ಇನ್ನೂ ಸ್ವಾರಸ್ಯದ್ದು. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ದಾರಿಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ಕತ್ತಲಲ್ಲಿ ಬೆಟ್ಟವೂ ಕಾಣದು, ರಸ್ತೆಯೂ ಕಾಣದು. ಬೆಳಕೊಂದು ಆಕಾಶದ ಮಧ್ಯೆ ಹುಟ್ಟಿ, ಬಲಕ್ಕೆ ಸರಿದು, ಆರಿ, ಇನ್ನಷ್ಟು ಮೇಲೆ ಮತ್ತೆ ಹುಟ್ಟಿ ಎಡಕ್ಕೆ ಸರಿಯುತ್ತದೆ. ಮೋಡ ಇಳಿದಿದ್ದರೆ ದೀಪದ ಕೋಲು ಮೋಡದ ಮೇಲೆ ಬೀಸಿ ನೂರಾರು ಮೀಟರ್ ಅಗಲದ ಬಿಳಿ ತಟ್ಟೆಯೇ ಹಾರಿದಂತಾದೀತು. ಇದಕ್ಕೆ ಮಲೆನಾಡಿನದೇ ಆದ ರಾತ್ರಿಯ ಕಸುಬುಗಳನ್ನು ಸೇರಿಸಬೇಕು: ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಕಡಿಯಲು, ಏಡಿ ಹಿಡಿಯಲು ದೀಪ ಹಿಡಿದು ಹೊರಟವರು, ಹಂದಿ ಕಾಯುವ ಮಾಳದ ಬೆಂಕಿ, ಹಣೆಗೆ ಬ್ಯಾಟರಿ ಕಟ್ಟಿ ಕದ್ದು ಶಿಕಾರಿಗೆ ಹೋಗುವವರು. ಈ ಕೊನೆಯವರಂತೂ ಮಾರನೆಯ ದಿನ ‘ಅದು ನಾನೇ’ ಎಂದು ಹೇಳುವುದಿಲ್ಲ. ಕಾಡಿನೊಳಗೆ ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ತಣ್ಣಗೆ ಹಸಿರಾಗಿ ಹೊಳೆಯುವ ಅಣಬೆಗಳೂ ಪಶ್ಚಿಮಘಟ್ಟದಲ್ಲಿವೆ.

ಮಳೆಯ ಪಾತ್ರವೂ ಸಣ್ಣದಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆಯ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಬಹುಪಾಲು ಮುಚ್ಚಿಯೇ ಇರುತ್ತದೆ. ಗ್ರಹಗಳು ಅಷ್ಟರಲ್ಲಿ ಜಾಗ ಬದಲಿಸಿರುತ್ತವೆ. ಮೋಡ ಹರಿದ ಮೊದಲ ರಾತ್ರಿ, ಮಳೆಗಾಲಕ್ಕೆ ಮೊದಲು ಇಲ್ಲದಿದ್ದ ಕಡೆ ಪ್ರಖರವಾದ ಚುಕ್ಕೆಯೊಂದು ನಿಂತಿರುತ್ತದೆ. ಮೋಡದ ತುಣುಕುಗಳು ಅದರ ಮುಂದೆ ಓಡುತ್ತಿದ್ದರೆ ಓಡುತ್ತಿರುವುದು ಚುಕ್ಕೆಯೇ ಎನಿಸುತ್ತದೆ. ಹೊಸ ಕಾಲ ಹೊಸ ಬೆಳಕುಗಳನ್ನೂ ತಂದಿದೆ. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ನಮ್ಮತ್ತಲೇ ಬರುವ ವಿಮಾನದ ದೀಪ ನಿಮಿಷಗಟ್ಟಲೆ ಕದಲದೆ ನಿಂತಂತೆ ಕಾಣುತ್ತದೆ. 2019ರ ಮೇ ತಿಂಗಳಿನಿಂದ ಹಾರುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳು ಉಡಾವಣೆಯಾದ ಹೊಸದರಲ್ಲಿ ಒಂದರ ಹಿಂದೊಂದು ಸಾಲಾಗಿ ಸಾಗುತ್ತವೆ.

ಎಲ್ಲರೂ ಒಟ್ಟಿಗೆ ಕಂಡರಲ್ಲ?

ಇಲ್ಲಿ ಬರುವ ಮೊದಲ ಆಕ್ಷೇಪ: ಒಬ್ಬರ ಕಣ್ಣು ತಪ್ಪಬಹುದು, ಹತ್ತು ಜನರದ್ದು ಹೇಗೆ? ಹತ್ತು ಜನ ಒಂದೇ ಜಾಗದಲ್ಲಿ ನಿಂತಿದ್ದರೆ ಹತ್ತು ಜೋಡಿ ಕಣ್ಣುಗಳಿಗೂ ಸಿಗುವುದು ಅದೇ ದಿಕ್ಕು, ಅದೇ ಹೊಳಪು. ದೂರ ಯಾರಿಗೂ ಸಿಗದು. ಅದರ ಮೇಲೆ ಮಾತಿನ ಪ್ರಭಾವ ಬೇರೆ. ಮುಜಫರ್ ಶೆರಿಫ್ ಎಂಬ ಮನೋವಿಜ್ಞಾನಿ 1935ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕತ್ತಲೆಕೋಣೆಯ ಸ್ಥಿರ ಚುಕ್ಕೆ ಎಷ್ಟು ಚಲಿಸಿತು ಎಂದು ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬೊಬ್ಬರದು ಒಂದೊಂದು ಉತ್ತರ. ಗುಂಪಿನಲ್ಲಿ ಕೂರಿಸಿ ಗಟ್ಟಿಯಾಗಿ ಹೇಳಿಸಿದಾಗ ಉತ್ತರಗಳು ಒಂದರ ಹತ್ತಿರಕ್ಕೊಂದು ಬಂದು ಕೂಡಿಕೊಂಡವು. ಚಲಿಸದ ಬೆಳಕಿನ ಚಲನೆಯ ಬಗ್ಗೆ ಒಮ್ಮತ ಏರ್ಪಟ್ಟಿತ್ತು. ಅಂಗಳದಲ್ಲಿ ಸೇರಿದ ಮನೆಮಂದಿಯ ಒಮ್ಮತವೂ ಹೀಗೆ ಏರ್ಪಡಬಲ್ಲದು, ಯಾರೂ ಸುಳ್ಳು ಹೇಳದೆಯೇ.

ಹಳ್ಳಿಯವರಿಗೆ ಆಕಾಶ ಪಟ್ಟಣದವರಿಗಿಂತ ಚೆನ್ನಾಗಿ ಗೊತ್ತು, ಸೈನಿಕರಿಗೆ ತರಬೇತಿ ಇರುತ್ತದೆ ಎಂಬುದು ಎರಡನೆಯ ಆಕ್ಷೇಪ. ಬೆಳ್ಳಿ ಮೂಡುವ ಹೊತ್ತು ನೋಡಿ ಏಳುತ್ತಿದ್ದ ತಲೆಮಾರಿಗೆ ಶುಕ್ರನ ಪರಿಚಯ ಖಂಡಿತ ಇತ್ತು. ಆದರೆ ಪರಿಚಯ ನೆರವಾಗುವುದು ವಸ್ತುವನ್ನು ಗುರುತಿಸಿದ ಮೇಲೆ. ಗುರುತು ಸಿಗದ ಕ್ಷಣದಲ್ಲಿ ದೂರ ಅಳೆಯುವ ವಿಶೇಷ ಅಂಗ ಯಾರಿಗೂ ಇಲ್ಲ. ತರಬೇತಿಯ ಮಾತಿಗೆ ನಮ್ಮದೇ ದೇಶದ ಉತ್ತರವಿದೆ. 2012ರ ಆಗಸ್ಟ್‌ನಿಂದ ಕೆಲವು ತಿಂಗಳ ಕಾಲ ಲಡಾಖಿನ ಗಡಿಯಲ್ಲಿ ನಮ್ಮ ಸೈನಿಕರು ಮುನ್ನೂರಕ್ಕೂ ಹೆಚ್ಚು ಸಲ ಅಪರಿಚಿತ ಬೆಳಕುಗಳನ್ನು ಕಂಡು, ಚೀನಾದ ಬೇಹುಗಾರಿಕೆ ಡ್ರೋನ್‌ಗಳೆಂದು ಶಂಕಿಸಿದರು. ಪ್ರಶ್ನೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಬಂತು. ಬೆಳಕುಗಳ ದಿಕ್ಕು, ಎತ್ತರ, ಹೊತ್ತನ್ನು ಕ್ರಮವಾಗಿ ಬರೆದಿಟ್ಟು ಹೋಲಿಸಿದಾಗ ಅವು ಗುರು ಮತ್ತು ಶುಕ್ರ ಗ್ರಹಗಳು ಎಂದು 2013ರಲ್ಲಿ ತಿಳಿಯಿತು. ಸೈನಿಕರ ಕಣ್ಣು ಮೋಸಹೋಗಿದ್ದು ಅಜಾಗರೂಕತೆಯಿಂದಲ್ಲ. ಕಾವಲು ಕೂತವರಿಗೆ ಗಡಿಯಲ್ಲಿ ಡ್ರೋನ್ ಕಾಣುತ್ತದೆ, ಸುಡುಗಾಡು ದಾಟುವವರಿಗೆ ಕೊಳ್ಳಿ ಕಾಣುತ್ತದೆ, ಅನ್ಯಗ್ರಹದ ಸಿನಿಮಾ ನೋಡಿದವರಿಗೆ ತಟ್ಟೆ ಕಾಣುತ್ತದೆ. ಚುಕ್ಕೆಗೆ ಇಲ್ಲದ ದೂರವನ್ನು ತುಂಬುವುದು ಆಯಾ ಕಾಲದ ಆತಂಕ.

ಮೂರನೆಯದು: ಬರಿಯ ಚುಕ್ಕೆಯಲ್ಲ, ಕಿಟಕಿಗಳಿದ್ದ ವಾಹನವನ್ನೇ ಕಂಡವರಿದ್ದಾರಲ್ಲ? 1968ರ ಮಾರ್ಚ್ 3ರ ರಾತ್ರಿ ಸೋವಿಯತ್ ದೇಶದ ಜೋಂಡ್-4 ನೌಕೆಗೆ ಸೇರಿದ ಅವಶೇಷ ಅಮೆರಿಕದ ಹಲವು ರಾಜ್ಯಗಳ ಮೇಲೆ ಉರಿಯುತ್ತಾ ಸಾಗಿತು. ಕಂಡದ್ದು ಸಾಲಾಗಿ ಹೋಗುವ ಉರಿಚುಕ್ಕೆಗಳು. ಕೆಲವರು ಮಾತ್ರ ಚುಟ್ಟದ ಆಕಾರದ ಒಡಲು, ಅದರ ಬದಿಗೆ ಬೆಳಗಿದ ಚೌಕ ಕಿಟಕಿಗಳು, ತೀರ ತಗ್ಗಿನಲ್ಲಿ ಸದ್ದಿಲ್ಲದ ಹಾರಾಟ ಎಂದು ವಿವರಿಸಿದರು. ಚುಕ್ಕೆಗಳ ನಡುವಿನ ಕತ್ತಲನ್ನು ಮಿದುಳು ಒಡಲಾಗಿ ತುಂಬಿಕೊಂಡಿತ್ತು. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಆಕಾಶದಲ್ಲಿ ಇಂಥದೇ ಉರಿಸಾಲು ಕಂಡಿತು. ಅದು ಚೀನಾದ ರಾಕೆಟ್ಟಿನ ಅವಶೇಷವೆಂದು ತಜ್ಞರು ಗುರುತಿಸಿದರು. ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ಲೋಹದ ದೊಡ್ಡ ಬಳೆಯೂ ಸಿಕ್ಕಿತು. ಉಲ್ಕೆಗಳದೂ ಹಾಗೇ. ಕುಂದಾದ್ರಿ ಬೆಟ್ಟದ ಹಿಂದೆಯೇ ಬಿತ್ತು ಎನಿಸುವ ಉಲ್ಕೆ ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ ಉರಿದದ್ದಾದರೆ, ದಿಗಂತದಿಂದ ಒಂದು ಮುಷ್ಟಿಯಷ್ಟು ಮೇಲೆ ಕಂಡಾಗ ಅದು ನಿಜಕ್ಕೂ ನಾಲ್ಕುನೂರು ಕಿಲೋಮೀಟರಿಗೂ ಆಚೆ ಇರುತ್ತದೆ.

ಕೊನೆಯ ಆಕ್ಷೇಪ ಗಟ್ಟಿಯಾದದ್ದು. ಇಂಥ ವರದಿಗಳನ್ನು ಪರಿಶೀಲಿಸುತ್ತಿದ್ದ ಅಮೆರಿಕದ ವಾಯುಪಡೆಯ ‘ಬ್ಲೂ ಬುಕ್’ ಯೋಜನೆ 1969ರಲ್ಲಿ ಮುಗಿಯುವ ಹೊತ್ತಿಗೆ ದಾಖಲಾದ 12,618 ವರದಿಗಳಲ್ಲಿ 701 ಬಗೆಹರಿಯದೆ ಉಳಿದವು. ಅವುಗಳ ಕಥೆಯೇನು? ನೂರಕ್ಕೆ ಐದಾರರಷ್ಟು ಉಳಿದವೆಂಬುದು ನಿಜ. ಆದರೆ ಬಗೆಹರಿಯದ್ದು ಎಂದರೆ ತೀರ್ಮಾನಕ್ಕೆ ಬೇಕಾದ ಸಂಗತಿ ಸಿಗಲಿಲ್ಲ ಎಂದರ್ಥ. ಅನ್ಯಗ್ರಹದ್ದು ಎಂದಲ್ಲ, ದೆವ್ವದ್ದು ಎಂದೂ ಅಲ್ಲ. ಬೇರೆ ಗ್ರಹಗಳಲ್ಲಿ ಜೀವ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಇದ್ದರೂ ಇರಬಹುದು. ಅದಕ್ಕೆ ಉತ್ತರ ದೂರ ತಿಳಿಯದ ಚುಕ್ಕೆಗಳ ರಾಶಿಯಿಂದ ಬಾರದು, ಆ ರಾಶಿ ಎಷ್ಟೇ ದೊಡ್ಡದಾಗಲಿ.

ಕಥೆ ಸಂಗ್ರಹಿಸುವವರು ಕೇಳಬೇಕಾದದ್ದು

ಹಾಗಾದರೆ ಊರೂರು ತಿರುಗಿ ಇಂಥ ಕಥೆಗಳನ್ನು ಕಲೆಹಾಕುವುದು ವ್ಯರ್ಥವೇ? ಅಲ್ಲ, ಕೇಳುವ ಪ್ರಶ್ನೆಗಳನ್ನು ಬದಲಿಸಿದರೆ. ಎಷ್ಟು ದೊಡ್ಡದಿತ್ತು, ಎಷ್ಟು ದೂರವಿತ್ತು, ಎಷ್ಟು ವೇಗವಾಗಿ ಹೋಯಿತು ಎಂಬ ಮೂರೂ ಪ್ರಶ್ನೆಗಳು ಕಣ್ಣಿಗೆ ಗೊತ್ತಿಲ್ಲದ್ದನ್ನು ಕೇಳುತ್ತವೆ, ಬರುವುದು ಊಹೆಯೇ. ಕಣ್ಣಿಗೆ ಗೊತ್ತಿರುವುದನ್ನು ಕೇಳಬೇಕು. ಎಲ್ಲಿ ನಿಂತಿದ್ದಿರಿ, ಯಾವ ಮರದ ನೇರಕ್ಕೆ ಕಂಡಿತು, ಎಷ್ಟು ಮೇಲಿತ್ತು. ತೋಳು ಚಾಚಿ ಹಿಡಿದ ಮುಷ್ಟಿ ಸುಮಾರು ಹತ್ತು ಡಿಗ್ರಿ; ಗ್ರಹ, ನಕ್ಷತ್ರಗಳು ಅಷ್ಟು ಸರಿಯಲು ಸುಮಾರು ನಲವತ್ತು ನಿಮಿಷ ತೆಗೆದುಕೊಳ್ಳುತ್ತವೆ. ನಲವತ್ತು ನಿಮಿಷಕ್ಕೆ ಒಂದು ಮುಷ್ಟಿ ಪಶ್ಚಿಮಕ್ಕೆ ಇಳಿದ ಬೆಳಕಾದರೆ ಅದರ ಗುರುತು ಅಲ್ಲೇ ಅರ್ಧ ಸಿಕ್ಕಂತೆ. ಮೋಡ ಅದರ ಮುಂದೆ ಹೋಯಿತೇ, ಅದೇ ಮೋಡದ ಮುಂದೆ ಹೋಯಿತೇ ಎಂಬುದನ್ನೂ ಕೇಳಬೇಕು. ಯಾವುದು ಯಾವುದನ್ನು ಮರೆಮಾಡಿತು ಎಂಬುದು ಕತ್ತಲಲ್ಲೂ ಉಳಿಯುವ ಒಂದೇ ದೂರದ ಸುಳಿವು. ಒಟ್ಟಿಗೆ ಕಂಡವರನ್ನು ಬೇರೆ ಬೇರೆಯಾಗಿಯೇ ಮಾತಾಡಿಸಬೇಕು.

ತಾರೀಖು ನೆನಪಿರುವುದಿಲ್ಲ ಎಂಬ ತೊಂದರೆಗೆ ಮಲೆನಾಡಿನ ನೆನಪಿನಲ್ಲೇ ಪರಿಹಾರವಿದೆ. ‘ಭೂಮಿ ಹುಣ್ಣಿಮೆಯ ಹಿಂದಿನ ದಿನ’, ‘ದೀಪಾವಳಿಯ ಮಾರನೆ ರಾತ್ರಿ’ ಎಂಬ ಮಾತಿನಲ್ಲಿ ತಿಥಿ ಅಡಗಿದೆ. ವರ್ಷ ಗೊತ್ತಾದರೆ ಪಂಚಾಂಗದಿಂದ ದಿನವೂ ಸಿಗುತ್ತದೆ, ಆ ರಾತ್ರಿ ಬೆಳದಿಂಗಳಿತ್ತೇ ಎಂಬುದೂ. ‘ಆರಿದ್ರೆ ಮಳೆ ಹಿಡಿದಿತ್ತು’ ಎಂದರೆ ಹದಿನಾಲ್ಕು ದಿನಗಳ ಅವಧಿ ಖಚಿತ. ಆ ದಿನದ ಆಕಾಶವನ್ನು ಇಂದು ಯಾವ ಮೊಬೈಲಾದರೂ ತೋರಿಸುತ್ತದೆ. ವರ್ಷವೇ ಮರೆತುಹೋಗಿದ್ದರೆ ಒಂದು ಸುಳಿವು: ಶುಕ್ರ ಎಂಟು ವರ್ಷಕ್ಕೊಮ್ಮೆ ಅದೇ ದಿನಗಳಲ್ಲಿ ಆಕಾಶದ ಬಹುತೇಕ ಅದೇ ಜಾಗಕ್ಕೆ ಮರಳುತ್ತದೆ. ಅಲನ್ ಹೆಂಡ್ರಿ ಎಂಬ ಅಮೆರಿಕದ ಸಂಶೋಧಕ ಹೀಗೇ ತಾಳ್ಮೆಯಿಂದ 1,300ಕ್ಕೂ ಹೆಚ್ಚು ವರದಿಗಳ ಬೆನ್ನುಹತ್ತಿ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತಕ್ಕೆ ಉತ್ತರ ಕೊಟ್ಟಿದ್ದ. ರಾತ್ರಿಯ ಬೆಳಕುಗಳಲ್ಲಿ ಗ್ರಹ, ನಕ್ಷತ್ರ, ವಿಮಾನಗಳದ್ದೇ ಮೇಲುಗೈ.

ಇಷ್ಟಾದರೂ ಉತ್ತರ ಸಿಗದ ಕಥೆ ಉಳಿದರೆ ಸಂಗ್ರಾಹಕರು ಮಾಡಬೇಕಾದದ್ದು ಪಕ್ಕದ ಊರಿಗೆ ಹೋಗುವುದು. 1798ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಬ್ರಾಂಡೆಸ್ ಮತ್ತು ಬೆಂಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಕೆಲವು ಮೈಲಿ ಅಂತರದ ಎರಡು ಜಾಗಗಳಲ್ಲಿ ಕೂತು, ಒಂದೇ ಉಲ್ಕೆ ಇಬ್ಬರಿಗೂ ಯಾವ ನಕ್ಷತ್ರದ ನೇರಕ್ಕೆ ಕಂಡಿತೆಂದು ಬರೆದಿಟ್ಟುಕೊಂಡರು. ಎರಡು ದಿಕ್ಕುಗಳ ಗೆರೆ ಕೂಡುವಲ್ಲಿ ಉಲ್ಕೆ ಇತ್ತು. ಅಲ್ಲಿಯವರೆಗೆ ಮೋಡದ ಮಟ್ಟದ ಸಂಗತಿ ಎಂದೇ ಹಲವರು ನಂಬಿದ್ದ ಉಲ್ಕೆಗಳು ಹತ್ತಾರು ಮೈಲಿ ಎತ್ತರದಲ್ಲಿ ಉರಿಯುತ್ತವೆ ಎಂದು ಹೀಗೆ ತಿಳಿಯಿತು. ಆರು ಸೆಂಟಿಮೀಟರ್ ಅಂತರದ ಎರಡು ಕಣ್ಣು ಮಾಡಲಾಗದ ಕೆಲಸವನ್ನು ಹತ್ತು ಕಿಲೋಮೀಟರ್ ಅಂತರದ ಎರಡು ಊರು ಮಾಡುತ್ತವೆ. ಆಗುಂಬೆಯಲ್ಲಿ ಒಬ್ಬರು, ಹತ್ತು ಕಿಲೋಮೀಟರ್ ಆಚೆ ಇನ್ನೊಬ್ಬರು ಅದೇ ರಾತ್ರಿ, ಅದೇ ಹೊತ್ತು ಕಂಡ ಬೆಳಕಿನ ದಿಕ್ಕು ಹೇಳಿದರೆ ದೂರ ಲೆಕ್ಕಕ್ಕೆ ಸಿಗುತ್ತದೆ. ಎರಡೂ ಕಡೆ ಒಂದೇ ದಿಕ್ಕಿನಲ್ಲಿ ಕಂಡರೆ ಅದು ಗ್ರಹ ಅಥವಾ ನಕ್ಷತ್ರ. ಬೇರೆ ಬೇರೆ ದಿಕ್ಕಿನಲ್ಲಿ ಕಂಡರೆ ಹತ್ತಿರದ್ದು, ಎಷ್ಟು ಹತ್ತಿರ ಎಂದೂ ಹೇಳಬಹುದು. ಈ ಪರೀಕ್ಷೆ ದಾಟಿಯೂ ಯಾವುದಕ್ಕೂ ಹೊಂದದೆ ಉಳಿಯುವ ಬೆಳಕು ಒಂದಾದರೂ ಸಿಕ್ಕರೆ ಅದು ವಿಜ್ಞಾನದ ಪ್ರಶ್ನೆಯಾಗಲು ಯೋಗ್ಯ. ಒಂದೇ ಅಂಗಳದಿಂದ ಬಂದ ನೂರು ಕಥೆಗಳಿಗೆ ಆ ಯೋಗ್ಯತೆ ಬಾರದು; ಎರಡು ಊರುಗಳಿಂದ ಬಂದ ಎರಡು ಸಾಲಿನ ಟಿಪ್ಪಣಿಗೆ ಬಂದೀತು.